ಬೆಳ್ಳಿ ಬಣ್ಣದ ಆಂಟೆನಾ

ಆ ಬೆಳಿಗ್ಗೆ ತ್ರಾಸಿಯ ಮನೆಯ ಅಂಗಳದಲ್ಲಿ ತಂಗಿ ನನ್ನ ಕೈಗೆ ಚಹಾ ಕೊಟ್ಟು, ದನಿ ತಗ್ಗಿಸಿ ಹೇಳಿದಳು: "ಅಣ್ಣಾ, ರೇಡಿಯೊ ಸರಿ ಇದ್ರೂ ಸರಿ ಇಲ್ಲ ಅಂದೇಳ್. ಇವ್ರ್ ಹೋಪುದ್ ಬ್ಯಾಡ."

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಅವಳ ಗಂಡ, ನನ್ನ ಭಾವ, ಮೊದಲ ಬಾರಿಗೆ ಕಡಲಿಗಿಳಿದಿದ್ದಾಗ ರಾತ್ರಿಯಿಡೀ ಅವನ ದನಿ ದಡಕ್ಕೆ ತಲುಪಿರಲಿಲ್ಲ. ಪಕ್ಕದ ದೋಣಿಗಳಿಗೆ ಕೇಳಿಸುತ್ತಿತ್ತು, ಆದ್ದರಿಂದ ಸೆಟ್ ಚೆನ್ನಾಗಿದೆ ಎಂಬುದು ಅವನ ವಾದ. ತಂಗಿಗೆ ಆ ರಾತ್ರಿ ಇನ್ನೂ ಮುಗಿದಿರಲಿಲ್ಲ. ಶಾಲೆಯಲ್ಲಿ ವಿಜ್ಞಾನವನ್ನೂ ವ್ಯಾಕರಣವನ್ನೂ ಕಲಿಸಿ ಸ್ವಯಂನಿವೃತ್ತಿ ಪಡೆದ ನನಗೆ ಹವ್ಯಾಸಿ ರೇಡಿಯೊದ ಹುಚ್ಚು. ಹಾಗಾಗಿ ದೋಣಿಯ ರೇಡಿಯೊವನ್ನು ಪರೀಕ್ಷಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು.

ಗಂಗೊಳ್ಳಿಯ ಬಂದರಿನಲ್ಲಿ ಭಾವನ ದೋಣಿ ಸಾಲಿನ ಕೊನೆಯಲ್ಲಿತ್ತು. ಇತರ ದೋಣಿಗಳ ಅಂಚನ್ನು ದಾಟಿ ದಾಟಿ ಅದನ್ನು ಸೇರಿದೆ. ಚುಕ್ಕಾಣಿಯ ಕೋಣೆಯಲ್ಲಿ ಮೊಣಕಾಲು ಚಾಚಲೂ ಎಡೆಯಿರಲಿಲ್ಲ. ಬಾಗಿಲಿಗೆ ಅಡ್ಡಲಾಗಿ ಭಾವ ನಿಂತಿದ್ದ, ಅವನ ಹಿಂದೆ ಕೆಲಸದವರು.

"ಎಂತ ಮಾಷ್ಟ್ರು ಭಾವ, ಪರೀಕ್ಷೆ ಇನ್ನೂ ಮುಗಿಲಿಲ್ಯಾ? ನೀರ್ ಇಳಿತ್ತ್ ಕಾಣಿ!" ಎಂದು ಭಾವ ನನ್ನನ್ನು ಅವಸರಪಡಿಸಿದ.

ನದಿ ಕಡಲು ಸೇರುವ ಅಳಿವೆಯ ಮರಳ ದಿಬ್ಬವನ್ನು ನೀರು ಏರಿದ ಭರತದಲ್ಲಷ್ಟೇ ದಾಟಬಹುದು. ಆದರೂ ನಾನು ಕ್ರಮ ಬಿಡಲಿಲ್ಲ. ಅಂಗೈಯಗಲದ ನೆಟ್‌ವರ್ಕ್ ಅನಲೈಸರಿಗೆ ಮೊದಲು ಗೊತ್ತಿರುವುದನ್ನು ತೋರಿಸಬೇಕು: ತೆರೆದ ತುದಿ, ಒಂದಕ್ಕೊಂದು ಕೂಡಿಸಿದ ತುದಿ, ಸಂಕೇತವನ್ನೆಲ್ಲ ನುಂಗಿಬಿಡುವ ಸರಿಹೊಂದುವ ಹೊರೆ. ಅನಂತರವೇ ಅದು ಗೊತ್ತಿಲ್ಲದುದನ್ನು ಅಳೆಯಬಲ್ಲದು. ಕಳುಹಿಸಿದ ಸಂಕೇತದಲ್ಲಿ ಎಷ್ಟು ಪಾಲು ಹೊರಕ್ಕೆ ಹೋಗದೆ ಹಿಂದಿರುಗಿತು ಎಂಬುದನ್ನು ಅದು ತಿಳಿಸುತ್ತದೆ.

ಆಂಟೆನಾದ ಕೇಬಲನ್ನು ಜೋಡಿಸಿದೆ. ಹೆಚ್ಚಿನ ಪಾಲು ಹಿಂದಿರುಗುತ್ತಿತ್ತು.

ನನ್ನ ಎದೆ ಹಗುರಾಯಿತು. ಸುಳ್ಳು ಹೇಳಬೇಕಾದ ಪ್ರಮೇಯವೇ ಇರಲಿಲ್ಲ. "ಇದು ಸರಿಯಿಲ್ಲ" ಎಂದು ಹೇಳಿ ಇಳಿದುಬಿಡಬಹುದಿತ್ತು. ಆದರೆ ಅರ್ಧದಲ್ಲಿ ಬಿಟ್ಟ ವಾಕ್ಯವನ್ನು ನಾನು ಎಂದೂ ಸಹಿಸಿದವನಲ್ಲ. ಮಾಡಿನ ಒಳಬದಿಯಲ್ಲಿ ಕೇಬಲಿನ ಮೇಲಿನ ತುದಿಯಿಂದ ಆಂಟೆನಾವನ್ನು ಬಿಡಿಸಿ, ಅದರ ಜಾಗದಲ್ಲಿ ಹೊರೆಯನ್ನು ಕೂಡಿಸಿದೆ. ಹಿಂದಿರುಗುವಿಕೆ ನಿಂತಿತು. ಅಲ್ಲಿಗೆ ಕೇಬಲು ನಿರ್ದೋಷಿ, ದೋಷ ಆಂಟೆನಾದ್ದು.

ಕಿಟಕಿಯಿಂದ ತಲೆ ಹೊರಹಾಕಿ, ಕೋಣೆಯ ಮಾಡಿನ ಮೇಲಕ್ಕೆ ಕತ್ತೆತ್ತಿ ನೋಡಿದೆ. ಆಂಟೆನಾ ತುದಿಯಿಂದ ಬುಡದವರೆಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕಡಲಿಗಿಳಿಸುವ ಮುನ್ನ ದೋಣಿಗೆ ಬಣ್ಣ ಬಳಿಯುವಾಗ ಭಾವ ಅದನ್ನೂ ಬಿಟ್ಟಿರಲಿಲ್ಲ. ಸರಳನ್ನು ಬುಡದ ಲೋಹದಿಂದ ಬೇರ್ಪಡಿಸುವ ಬಿಳಿಯ ತುಂಡಿನ ಮೇಲೂ ಅಲ್ಯುಮಿನಿಯಂ ಬಣ್ಣ ದಪ್ಪವಾಗಿ ಕುಳಿತಿತ್ತು, ಅದರ ಮೇಲೆ ಉಪ್ಪು. ಸಂಕೇತ ಆಕಾಶಕ್ಕೆ ಏರುವ ಮೊದಲೇ ಅಲ್ಲಿ ದಾರಿ ತಪ್ಪುತ್ತಿತ್ತು.

"ಇದನ್ನು ಕೆರೆಯಬೇಕು" ಎಂದೆ.

"ಕೆರೂದಾ? ಪೂಜಿ ಮಾಡಿ ಬಳ್ದದ್ದ್ ಮಾರಾಯ್ರೆ! ತುಕ್ಕ್ ಹಿಡುಕಾಗ ಅಂದೇಳಿ ಎರಡ್ ಸಲ ಬಳ್ದೆ."

"ಹ್ವಾಯ್, ಆಂಟೆನಾಕ್ಕೆ ಮದಿ ಮಾಡ್ಸುಕಿತ್ತಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಬೆಳ್ಳಿ ಬಣ್ಣದ ಆ ಮದುಮಗಳನ್ನು ನೋಡಿ ಎಲ್ಲರೂ ನಕ್ಕರು. ಭಾವ ಗೊಣಗುತ್ತಲೇ ಚಾಕು ಹಿಡಿದು ಮಾಡಿಗೆ ಹತ್ತಿದ.

ಬಿಳಿಯ ತುಂಡು ಬಿಳಿಯಾಗಿಯೇ ಕಂಡ ಮೇಲೆ ಆಂಟೆನಾವನ್ನು ಮರಳಿ ಕೂಡಿಸಿ ಮತ್ತೆ ಅಳೆದೆ. ಪರದೆಯ ಗೆರೆ ಬೇಕಾದ ಕಡೆ ಆಳಕ್ಕೆ ಇಳಿಯಿತು. ಹಿಂದಿರುಗುತ್ತಿದ್ದುದು ಅತ್ಯಲ್ಪ. ಈಗ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೊರಗೆ ಓಡೋಣವೆಂದರೆ ಬಾಗಿಲಿನ ತುಂಬ ಜನ. ತಂಗಿಯ ಮಾತು ಚಹಾದ ಬಿಸಿಯಂತೆ ಕೈಯಲ್ಲಿ ಇನ್ನೂ ಉಳಿದಿತ್ತು. ಗೆರೆಯನ್ನು ಮತ್ತೊಮ್ಮೆ ನೋಡಿದೆ. ಅದು ಬದಲಾಗಿರಲಿಲ್ಲ.

"ಸರಿಯಾಗಿದೆ."

ಎಂಜಿನು ಗುಡುಗಿತು. ನನ್ನನ್ನು ಪಕ್ಕದ ದೋಣಿಗೆ ದಾಟಿಸಿದವರೇ ಹಗ್ಗ ಬಿಚ್ಚಿದರು.

ದೋಣಿ ಕಟ್ಟುವ ದಕ್ಕೆಯನ್ನು ಮುಟ್ಟುವ ಮೊದಲೇ ತಂಗಿಯ ಫೋನು ಬಂತು. "ಹೋದ್ರಾ?"

"ಹೋದರು. ದೋಷ ಸಿಕ್ಕಿತು, ಸರಿಪಡಿಸಿದೆ."

"ಹಂಗಾರೆ ನೀನೇ ವೈರ್‌ಲೆಸ್ ಕೋಣಿಯಂಗ್ ಕೂತ್ಕೊ. ಅವ್ರ್ ತಿರ್ಗಿ ಬಪ್ಪಲ್ಲಿವರಿಗೆ" ಎಂದಳು.

ದೋಣಿಗಳ ದನಿ ದಡಕ್ಕೆ ತಲುಪುವ ಬಂದರಿನ ಆ ಕೋಣೆಗೆ ಒಂದೇ ಕಿಟಕಿ, ಅದೂ ಗೋಡೆಯತ್ತ. ಸಂಜೆಯಾಗುವಾಗ ಸೆಟ್ಟಿನಿಂದ ದನಿ ಬಂತು: "ಮಾಷ್ಟ್ರು ಭಾವ, ಕೇಂತಾ?" ಪಕ್ಕದಲ್ಲೇ ನಿಂತು ಮಾತನಾಡಿದಷ್ಟು ಸ್ಪಷ್ಟ. ಕೇಳಿಸುತ್ತಿದೆ ಎಂದು ಉತ್ತರ ಕೊಟ್ಟು, ಕೂಡಲೇ ತಂಗಿಗೆ ಕರೆ ಮಾಡಿದೆ.

"ದನಿ ಬಂತು ಅಂದೇಳಿ ಅಲ್ಲಿಂದ ಏಳ್ಬೇಡ" ಎಂದಳು. "ಬಪ್ಪಲ್ಲಿವರಿಗೆ ಅಂದಿದ್ದೆ."

ಕುರ್ಚಿಯನ್ನು ಸೆಟ್ಟಿನ ಹತ್ತಿರಕ್ಕೆ ಎಳೆದುಕೊಂಡೆ.