ಫೋನಿನಲ್ಲೇ ರಿಪೇರಿಯಾದ ಎಸಿ

ಧಾರಿಣಿಗೆ ಕಂಪನಿ ಏಪ್ರಿಲ್, ಮೇ ತಿಂಗಳ ಇನ್ಸೆಂಟಿವ್ ಕೊಡಬೇಕು. ಕೊಟ್ಟಿಲ್ಲ. ಜಗಳವಾಡಿ ಕೆಲಸ ಬಿಟ್ಟರೆ ಅದೂ ಹೋಯಿತು, ಅನುಭವದ ಪತ್ರವೂ ಹೋಯಿತು.

ದೆಹಲಿಯ ಓಖ್ಲಾದ ಒಂದು ಎಸಿ ರಿಪೇರಿ ಕಂಪನಿಯಲ್ಲಿ ಅವಳು ದೂರಿನ ಫೋನ್ ಎತ್ತುವವಳು. ಊರು ಹಾವೇರಿ ಕಡೆ. ಹಿಂದಿಯನ್ನು ಗಿರಾಕಿಗಳಿಂದ ಬೈಸಿಕೊಳ್ಳುತ್ತಲೇ ಕಲಿತಳು. ಬೈಗುಳ ಕೇಳಿ ಕೇಳಿ ಅವಳಿಗೊಂದು ಉಪಾಯ ಹೊಳೆದಿತ್ತು: ಎಸಿ ತಂಪಾಗುತ್ತಿಲ್ಲ ಎಂದವರಿಂದ, ಮೆಕ್ಯಾನಿಕ್‌ನನ್ನು ಕಳಿಸುವ ಮೊದಲು, ಫೋನಿನಲ್ಲೇ ಫಿಲ್ಟರ್ ಬಿಚ್ಚಿಸಿ ತೊಳೆಸುವುದು. ಎಷ್ಟೋ ಎಸಿಗಳು ಅಷ್ಟಕ್ಕೇ ತಣ್ಣಗಾಗುತ್ತಿದ್ದವು. ಮೆಕ್ಯಾನಿಕ್ ರಾಮಾವತಾರನಿಗೆ ಬಿಸಿಲಲ್ಲಿ ಒಂದು ಸುತ್ತು ಉಳಿಯುತ್ತಿತ್ತು. ಆ ಖುಷಿಗೆ ಅವನೂ ಹೊಸ ಯುಕ್ತಿಗಳನ್ನು ಹೇಳಿಕೊಡುತ್ತಿದ್ದ.

ಮಾರ್ಚಿನಲ್ಲಿ ಮೇಲಿನವರು ಹೊಸ ಸಾಫ್ಟ್‌ವೇರ್ ತಂದರು. ಅಗ್ಗ ಎಂದು ತಂದದ್ದು. ಫೋನ್ ಎತ್ತುವವರನ್ನು ಒಂದು ಮಾತೂ ಕೇಳಲಿಲ್ಲ. ಅದರಲ್ಲಿ ದೂರು ಮುಗಿಸಲು ಒಂದೇ ದಾರಿ: ಮೆಕ್ಯಾನಿಕ್ ಮನೆಗೆ ಹೋಗಿ, ಗಿರಾಕಿಯ ಮೊಬೈಲಿಗೆ ಬಂದ ಓಟಿಪಿ ಪಡೆದು ಒತ್ತಬೇಕು. ಫೋನಿನಲ್ಲೇ ಸರಿಯಾಯಿತು ಎನ್ನಲು ಜಾಗವೇ ಇಲ್ಲ. ಮುಗಿಯದ ದೂರು ಧಾರಿಣಿಯ ಹೆಸರಿನ ಮುಂದೆ ಕೆಂಪಾಗುತ್ತದೆ. ಕೆಂಪು ಹೆಚ್ಚಿದರೆ ಇನ್ಸೆಂಟಿವ್ ನಿಲ್ಲುತ್ತದೆ.

ಮೇ ತಿಂಗಳಲ್ಲಿ ಮುನಿರ್ಕಾ ಬಡಾವಣೆಯ ಕನ್ನಡತಿ ಇಂದಿರಮ್ಮ ಫೋನ್ ಮಾಡಿದರು. ಧಾರಿಣಿ ಫಿಲ್ಟರ್ ತೊಳೆಸಿದಳು, ಎಸಿ ತಣ್ಣಗಾಯಿತು. ಸಾಫ್ಟ್‌ವೇರ್ ಒಪ್ಪಲಿಲ್ಲ. ಬರೀ ಓಟಿಪಿಗಾಗಿ ರಾಮಾವತಾರ ಉರಿಬಿಸಿಲಲ್ಲಿ ಅಷ್ಟು ದೂರ ಬೈಕು ಓಡಿಸಿದ. ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಇಂದಿರಮ್ಮ ಮತ್ತೆ ಧಾರಿಣಿಗೆ ಫೋನ್ ಹಚ್ಚಿದರು.

"ಏನಮ್ಮಾ, ತೊಳೆದವಳು ನಾನು. ಇವನ್ಯಾರೋ ಬಂದು ಓಟಿಪಿ ಕೊಡಿ ಅಂತಾನೆ! ಯಾರಿಗೂ ಕೊಡಬೇಡಿ ಅಂತ ಬ್ಯಾಂಕಿನವರು ಹೇಳಿದಾರೆ."

"ಅಮ್ಮಾ, ಅವರು ನಮ್ಮವರೇ."

"ಕಳ್ಳರೆಲ್ಲ ಹಂಗೇ ಹೇಳೋದು."

ಓಟಿಪಿ ಸಿಗಲಿಲ್ಲ. ಧಾರಿಣಿ ಮ್ಯಾನೇಜರ್ ರಜತ್ ಮುಂದೆ ನಿಂತಳು. ಅವನು ದೆಹಲಿಯಲ್ಲೇ ಬೆಳೆದ ಕನ್ನಡಿಗ.

"ಒಂದು ಆಪ್ಷನ್ ಸೇರಿಸಿ ಸರ್, ಫೋನಲ್ಲೇ ಸರಿಹೋಯ್ತು ಅಂತ."

"ಅರೇ ಯಾರ್, ಮೂರು ವರ್ಷಕ್ಕೆ ಸೈನ್ ಆಗಿದೆ. ಬದಲಾಯಿಸಿ ಅಂದ್ರೆ ಸಾಫ್ಟ್‌ವೇರ್‌ನವರು ಎಕ್ಸ್‌ಟ್ರಾ ದುಡ್ಡು ಕೇಳ್ತಾರೆ. ನಾನೂ ಸಿಕ್ಕಿಹಾಕ್ಕೊಂಡಿದೀನಿ. ನೀವು ಜಾಸ್ತಿ ದಿಮಾಗ್ ಓಡಿಸ್ಬೇಡಿ, ಹೇಳಿದಷ್ಟು ಮಾಡಿ, ಅಷ್ಟೇ."

"ಓಡಿಸಿದ್ದಕ್ಕೇ ಅಲ್ವಾ ಸರ್, ಹೋದ ವರ್ಷ ನೀವೇ ಶಭಾಶ್ ಅಂತ ಕೇಕ್ ತಿನ್ನಿಸಿದ್ದು?"

ರಜತ್ ಕಂಪ್ಯೂಟರಿನತ್ತ ಮುಖ ತಿರುಗಿಸಿದ.

ಅಂದಿನಿಂದ ಧಾರಿಣಿ ಫಿಲ್ಟರಿನ ಮಾತೆತ್ತುವುದಿಲ್ಲ. ಗೊತ್ತಿದ್ದೂ ರಾಮಾವತಾರನನ್ನು ಬಿಸಿಲಿಗೆ ಅಟ್ಟುತ್ತಾಳೆ. ಅವನೂ ಏನನ್ನೂ ಹೇಳಿಕೊಡುವುದಿಲ್ಲ. ಪರದೆ ಹಸಿರಾಗಿದೆ, ಹಳೆಯ ಬಾಕಿ ಹಾಗೇ ಇದೆ.

ಇದನ್ನು ಓದುವ ನಿಮ್ಮಲ್ಲಿ ಎಷ್ಟೋ ಮಂದಿ ಗುರುಗ್ರಾಮ, ನೋಯ್ಡಾದ ಆಫೀಸುಗಳಲ್ಲಿ ಇಂಥ ಖರೀದಿಗೆ ಸಹಿ ಹಾಕುವವರು. ಮುಂದಿನ ಸಹಿಗೆ ಮೊದಲು ಫೋನ್ ಎತ್ತುವವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವಳು ಬೇಡವೆಂದರೆ ಪೆನ್ನು ಕೆಳಗಿಡಿ. ನಿಮ್ಮ ಕೈಕೆಳಗೂ ಒಬ್ಬ ಧಾರಿಣಿ ಇದ್ದರೆ, ತಡೆಹಿಡಿದ ಅವಳ ದುಡ್ಡನ್ನು ಈ ತಿಂಗಳೇ ಕೊಡಿ.