ಇಲ್ಲದ ಎಲೆಯ ಗತ್ತು

ನಾನು ಸುಳ್ಳುಗಾರನಲ್ಲ, ಮೊಬೈಲಿನಲ್ಲಿ ಪೋಕರ್ ಎಂಬ ಇಸ್ಪೀಟಾಟ ಆಡುವವನು. ಎರಡಕ್ಕೂ ವ್ಯತ್ಯಾಸವಿದೆಯೆಂದು ನನ್ನ ಹೆಂಡತಿ ಇನ್ನೂ ಒಪ್ಪಿಲ್ಲ. ದೊಡ್ಡಬಳ್ಳಾಪುರದಲ್ಲಿ ನನ್ನದು ಸೀರೆ ಅಂಗಡಿ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ದುಡ್ಡಿನ ಬದಲು ಚಿಪ್ಸ್ ಎಂಬ ಬಿಟ್ಟಿ ಬಿಲ್ಲೆಗಳನ್ನು ಪಣಕ್ಕಿಡುವ ಟೂರ್ನಮೆಂಟ್ ಆಡುತ್ತೇನೆ. ಗೆದ್ದರೆ ಪರದೆಯ ಮೇಲೊಂದು ಕಿರೀಟ ಮೂಡುತ್ತದೆ, ಅಷ್ಟೇ. ಕಿರೀಟಕ್ಕಾಗಿ ರಾಜರು ತಲೆ ಕೊಟ್ಟಿದ್ದಾರೆ. ನಾನು ಊಟದ ಮೇಲಿನ ನಿದ್ದೆ ಕೊಟ್ಟೆ.

ಈ ಆಟದ ಜೀವಾಳ ಬ್ಲಫ್. ಕೈಯಲ್ಲಿ ರದ್ದಿ ಎಲೆಗಳಿದ್ದರೂ ರಾಜ ರಾಣಿಯರೆಲ್ಲ ನಮ್ಮನೆಯಲ್ಲೇ ಬಾಡಿಗೆಗಿದ್ದಾರೆ ಎಂಬಂತೆ ಚಿಪ್ಸ್ ಸುರಿಯಬೇಕು. ಎದುರಾಳಿ ಹೆದರಿ ಎಲೆ ಕೆಳಗಿಟ್ಟರೆ ಗೆದ್ದೆವು. ಆದರೆ ಆಳು ನೋಡಿ ಬ್ಲಫ್ ಮಾಡಬೇಕು. ಬಹುಮಾನದ ಹೊಸ್ತಿಲಲ್ಲಿರುವವನು ತನ್ನ ನೆರಳಿಗೂ ಬೆಚ್ಚುತ್ತಾನೆ, ಒಂದು ಗದರಿಕೆ ಸಾಕು. ಯೋಚಿಸುವವನಿಗೆ ಮೊದಲಿನಿಂದಲೇ ಕಥೆ ಕಟ್ಟಬೇಕು. ಯಾವುದಕ್ಕೂ ಜಗ್ಗದೆ ‘ತೋರಿಸು’ ಎನ್ನುವವನ ಮುಂದೆ ಮಾತ್ರ ತೆಪ್ಪಗೆ ಒಳ್ಳೆಯ ಎಲೆಗೆ ಕಾಯಬೇಕು. ಈ ಜ್ಞಾನದಿಂದ ನಾಲ್ಕು ಕಿರೀಟ ಗೆದ್ದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಸೊಕ್ಕಿನಲ್ಲೇ ಅಕ್ಕನ ಮಗ ರವಿಗೆ ಹೆಣ್ಣು ನೋಡಲು ಅವರಿಬ್ಬರ ಜೊತೆ ಹಿರಿಯನಾಗಿ ಸಮೇತನಹಳ್ಳಿಗೆ ಹೋದೆ. ವಿಮಾನಕ್ಕೆ ಪ್ರಯಾಣಿಕರ ಪೆಟ್ಟಿಗೆ ತುಂಬುವುದು ರವಿಯ ಕೆಲಸ. ಆಗಲೇ ಮೂರು ಸಂಬಂಧ ತಪ್ಪಿದ್ದವು. ಈ ಹುಡುಗಿ ಅವನಿಗೆ ಫೋಟೋದಲ್ಲೇ ಹಿಡಿಸಿದ್ದಳು. ಇದೂ ತಪ್ಪಿದರೆ ಅಕ್ಕ ಹಾಸಿಗೆ ಹಿಡಿಯುವುದು ಖಂಡಿತವಿತ್ತು.

ಹುಡುಗಿಯ ಅಪ್ಪ ಮೆತ್ತಗಿನ ಆಸಾಮಿ. ಹೊಸ್ತಿಲಿನ ಗಿರಾಕಿ ಎಂದು ಲೆಕ್ಕ ಹಾಕಿ ಗದರಿಸಿದೆ: “ಹುಡುಗ ಏರ್‌ಪೋರ್ಟಲ್ಲಿ ಆಫೀಸರ್ರು. ದೇವನಹಳ್ಳಿ ಕಡೆಯೋರು ಇಬ್ರು ಕಾಯ್ತಾವ್ರೆ. ಇವತ್ತೇ ಹೇಳ್ಬಿಡಿ.”

ಅವರು ಬೆವರು ಒರೆಸಿಕೊಂಡರು. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವರ ತಾಯಿ ತಲೆಯೆತ್ತದೆ ಅಂದರು: “ಹಂಗಾದ್ರೆ ಅವ್ರನ್ನ ಯಾಕಪ್ಪಾ ಕಾಯಿಸ್ತೀಯ? ಹೋಗಿ ನೋಡ್ಕಂಡು ಬಾ.”

ಮೊಬೈಲಾಗಿದ್ದರೆ ಆರಿಸಿಬಿಡುತ್ತಿದ್ದೆ. ಪಕ್ಕದಲ್ಲಿ ಅಕ್ಕನ ಮುಖ ಬಿಳಿಚಿತ್ತು. ಅಜ್ಜಿ ರವಿಯತ್ತ ತಿರುಗಿದರು. “ನೀನು ಆಫೀಸರ್ರೇನಪ್ಪಾ?”

ನಾನು ಕಣ್ಣು ಮಿಟುಕಿಸಿದೆ. ಅವನು ನನ್ನನ್ನು ನೋಡಲೇ ಇಲ್ಲ. “ಇಲ್ಲ ಅಜ್ಜಿ, ಪೆಟ್ಟಿಗೆ ಹೊರ್ತೀನಿ. ಬೇರೆ ಸಂಬಂಧಾನೂ ಇಲ್ಲ. ಇದು ತಪ್ಪಿದ್ರೆ ಅಮ್ಮ ಇನ್ನೊಂದು ದೇವಸ್ಥಾನಕ್ಕೆ ಕರ್ಕಂಡೋಗ್ತಾಳೆ.”

ಒಳಗಿನಿಂದ ಹುಡುಗಿ ನಕ್ಕ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅವಳೇ ಕಾಫಿ ತಂದು ರವಿಗೆ ಮೊದಲು ಕೊಟ್ಟಳು. ನನಗೆ ಕೊಡುವಷ್ಟರಲ್ಲಿ ಅದು ಆರಿತ್ತು.

“ಹುಡುಗ ಆಗ್ಬೋದು. ಇವ್ನ್ಯಾರು, ಬ್ರೋಕರ್ರಾ?” ಎಂದರು ಅಜ್ಜಿ. “ಏರ್‌ಪೋರ್ಟ್ ಆದಾಗ್ಲಿಂದ ವಾರಕ್ಕೊಬ್ಬ ಹೊಲ ಕೇಳ್ಕಂಡು ಬಂದು ಇವತ್ತೇ ಹೇಳು, ಇವತ್ತೇ ಹೇಳು ಅಂತಾನೆ. ನಮ್ಮ ಹೊಲ ಇನ್ನೂ ನಮ್ಮತ್ರಾನೇ ಐತೆ.”

ನನ್ನ ನಾಲ್ಕು ಕಿರೀಟಗಳೂ ಅವರೆಸಿಪ್ಪೆಯ ಜೊತೆ ತಿಪ್ಪೆಗೆ ಹೋದವು. ಸಂಬಂಧ ಮಾತ್ರ ಕುದುರಿತು.

ಆರತಕ್ಷತೆ ನಮ್ಮ ಕಡೆಯದು. “ನೀನು ಬಡಿಸೋದು ನೋಡ್ಕೋ, ಅಲ್ಲಿ ಮಾತಾಡೋ ಹಂಗಿರಲ್ಲ” ಎಂದಳು ಅಕ್ಕ. ಮೂರನೇ ಪಂಕ್ತಿಗೆ ಹೋಳಿಗೆ ಮುಗಿಯಿತು. “ಒಳಗೆ ಬೇಕಾದಷ್ಟೈತೆ, ಬರ್ತಾ ಐತೆ” ಎಂದು ಗತ್ತಿನಿಂದ ಸಾರುತ್ತಾ ನಡೆದೆ. ಜನ ನಂಬಿ ಅನ್ನ ಕಲಸಿದರು. ಸಾಲಿನ ಕೊನೆಯಲ್ಲಿ ಅಜ್ಜಿ ಕೂತಿದ್ದರು. ನಾನು ಬಗ್ಗಿ ಮೆಲ್ಲಗೆ ಹೇಳಿದೆ: “ಅಜ್ಜಿ, ಹೋಳಿಗೆ ಮುಗಿದೋಯ್ತು.”

“ಹಂಗೇಳು ಮತ್ತೆ. ಪಾಯಸ ಐತಾ?”

ಪಾಯಸ ನಿಜವಾಗಿಯೂ ಇತ್ತು. ಎರಡು ಸಲ ಬಡಿಸಿದೆ.