ಔರಾದ್ ಲೈನಿನ ಅಂಬಾಸಡರ್

ನನ್ನ ಡ್ರೈವಿಂಗ್ ಬಗ್ಗೆ ನಮ್ಮ ಓಣಿಯಲ್ಲಿ ಭಿನ್ನಾಭಿಪ್ರಾಯವಿಲ್ಲ. ನಾನು ಗಾಡಿ ಚಾಲೂ ಮಾಡಿದ ಸದ್ದು ಕೇಳಿದರೆ ಕೋಳಿಗಳು ತಾವಾಗಿಯೇ ಗೋಡೆ ಹತ್ತುತ್ತವೆ. ಲೈಸೆನ್ಸ್ ಪರೀಕ್ಷೆಯ ದಿನ ಕಾರಿನಿಂದ ಎಂಟರ ಆಕಾರ ಬಿಡಿಸು ಎಂದರು. ಮೊದಲ ಸಲ ನಾನು ಬಿಡಿಸಿದ್ದು ಮೂರು. ಮುಂದಿನ ಸಲ ಬಿಡಿಸಿದ ಅಂಕಿ ಯಾವ ಭಾಷೆಯಲ್ಲೂ ಇಲ್ಲ. ಆಮೇಲೆ ಹೇಗೋ ಎಂಟಾಯಿತು. ಆ ಒಂದು ಎಂಟನ್ನು ಹಿಡಿದುಕೊಂಡು ಮನೆಯಲ್ಲಿ ಎಷ್ಟು ಮೆರೆದೆನೆಂದರೆ, ಮುತ್ಯಾನ ಅಂಬಾಸಡರ್ ಉಳಿಸುವ ಪ್ರಶ್ನೆ ಬಂದಾಗ ಎಲ್ಲರೂ ತಿರುಗಿ ನನ್ನ ಕಡೆಗೇ ನೋಡಿದರು.

ಮುತ್ಯಾ ಎಂದರೆ ನನ್ನ ಅಜ್ಜ. ಬೀದರಿನಿಂದ ಭಾಲ್ಕಿ, ಭಾಲ್ಕಿಯಿಂದ ಕಮಲನಗರ ಹಾಯ್ದು ಔರಾದ್, ಇದು ಅವನ ಲೈನು. ಪ್ರಾಯವೆಲ್ಲ ಈ ಲೈನಿನಲ್ಲಿ ಟ್ಯಾಕ್ಸಿ ಹೊಡೆದವನು. ಟ್ಯಾಕ್ಸಿ ನಿಂತು ಎಷ್ಟೋ ಕಾಲವಾಗಿದ್ದರೂ ಗಾಡಿ ನಮ್ಮ ಅಂಗಳದ ಪತ್ರಾಸಿನ, ಅಂದರೆ ತಗಡಿನ, ಮಾಡಿನ ಕೆಳಗೆ ಬೆಳ್ಳಗೆ ಹೊಳೆಯುತ್ತ ನಿಂತಿತ್ತು. ದಿನಾ ಸಂಜೆ ಮುತ್ಯಾ ಹೋಗಿ ಸ್ಟೇರಿಂಗ್ ಮುಂದೆ ಕೂರುತ್ತಿದ್ದ. ನನ್ನ ಅಜ್ಜಿ, ಅಂದರೆ ಆಯಿ, ಕಿಟಕಿಯಿಂದ ಚಹಾ ಕೊಡುತ್ತಿದ್ದಳು. ಅವನು ಕಪ್ಪಿನಿಂದ ಬಸಿಗೆ ಸುರುವಿಕೊಂಡು, ಎದುರಿನ ಗೋಡೆ ನೋಡುತ್ತ, ಔರಾದ್ ರಸ್ತೆ ನೋಡುತ್ತಿರುವವನಂತೆ ಕುಡಿಯುತ್ತಿದ್ದ. ಮನೆಯೊಳಗೆ ಅವನಿಗೊಂದು ಒಳ್ಳೆಯ ಕುರ್ಚಿ ಇತ್ತು. ಅದರಲ್ಲಿ ಅವನು ಕೂತದ್ದನ್ನು ನಾನು ಕಂಡಿಲ್ಲ.

ಈ ವರ್ಷ ಅವನ ಕಣ್ಣು ಮಂಜಾಯಿತು. ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದರು ಡಾಕ್ಟರು. ಅದೇ ಹೊತ್ತಿಗೆ ಹೈದರಾಬಾದಿನಿಂದ ಒಬ್ಬನ ಫೋನು ಬಂತು. ಮದುವೆಯ ಫೋಟೋಗಳಿಗೆ ಹಳೆಯ ಕಾರು ಬಾಡಿಗೆ ಕೊಡುವುದು ಅವನ ಧಂದೆ. ಗಾಡಿ ಕೊಂಡು, ಗುಲಾಬಿ ಬಣ್ಣ ಹೊಡೆಸಿ, ಬಾಗಿಲಿಗೆ ಹೃದಯದ ಚಿತ್ರ ಅಂಟಿಸುತ್ತಾನಂತೆ. ಶುಕ್ರವಾರ ಬರುತ್ತೇನೆಂದ.

"ಗುಲಾಬಿ?" ಎಂದ ಮುತ್ಯಾ. ಆಮೇಲೆ "ಬರ್ಲಿ" ಎಂದ. "ಹೊಡಿಯೋರಿಲ್ದ ಗಾಡಿ ತಗಡ. ಮನ್ಯಾಗ ಒಬ್ಬರರ ಹೊಡಿಯೋರಿದ್ರ ಇಡ್ತೇನಿ, ಇಲ್ಲಂದ್ರ ಅವ ಒಯ್ಲಿ."

"ನಾ ಹೊಡಿತೇನಿ ಮುತ್ಯಾ" ಎಂದೆ. ನನ್ನ ಬಾಯಿಗೆ ಇನ್ನೂ ಲೈಸೆನ್ಸ್ ಕೊಟ್ಟವರಿಲ್ಲ, ಆದರೂ ಅದು ಸದಾ ಮುಂದೆ.

"ನಮ್ಮ ಲೈನಿನ ಮ್ಯಾಲ ಔರಾದ್ ತನ ಹೊಡಿ. ಆಮ್ಯಾಲ ಮಾತಾಡಮು."

ಈಗ ನಮ್ಮ ಬೀದರಿನ ಉದಗೀರ್ ರಸ್ತೆಯ ಮೇಲೆ ಗಾಜಿನ ಶೋರೂಮುಗಳಲ್ಲಿ ನಿಂತ ಕಾರುಗಳು ಬೆಲ್ಟು ಹಾಕದಿದ್ದರೆ ಅತ್ತೆಯ ಹಾಗೆ ಕಿರಿಕಿರಿ ಮಾಡುತ್ತವೆ, ಹಿಂದೆ ಗೋಡೆ ಬಂದರೆ ಕೂಗಿ ಹೇಳುತ್ತವೆ. ನಾನು ಕಲಿತದ್ದು ಅಂಥದರಲ್ಲೇ. ಮುತ್ಯಾನ ಕಾಲಕ್ಕೆ ಕಾರು ಬೇಕೆಂದರೆ ಹೆಸರು ಹಚ್ಚಿ ವರ್ಷಗಟ್ಟಲೆ ದಾರಿ ಕಾಯಬೇಕಿತ್ತು. ಬರುವುದೂ ಒಂದೋ ಅಂಬಾಸಡರ್, ಇಲ್ಲವೇ ಪದ್ಮಿನಿ. ಭಾಲ್ಕಿಯ ಡಾಕ್ಟರೊಬ್ಬರ ಬಳಿ ಪದ್ಮಿನಿ ಇತ್ತಂತೆ. "ಭಾಳ ನಾಜೂಕು ಅದು. ಅದ್ರಾಗ ಕುಂತವ ಸಾಹೇಬ ಆಗ್ತಾನ. ನಮ್ದು ಹಂಗಲ್ಲ, ಯಾರ್ ಕುಂತ್ರೂ ಬೀಗರೇ" ಎನ್ನುತ್ತಿದ್ದ ಮುತ್ಯಾ.

ಆಮೇಲೆ ಎಂಟುನೂರು ಎಂಬ ಪುಟ್ಟ ಕಾರು ಬಂತು. ಔರಾದಿನ ಹೆಡ್‌ಮಾಸ್ತರರೊಬ್ಬರು ಕೆಂಪು ಬಣ್ಣದ್ದು ತಂದರು. ಮುತ್ಯಾ ಅದನ್ನು ನೋಡಿ, "ಇಸ್ತ್ರಿ ಪೆಟ್ಟಗಿಗಿ ಗಾಲಿ ಹಚ್ಯಾರ" ಎಂದು ಸ್ಟ್ಯಾಂಡಿನಲ್ಲೆಲ್ಲ ನಗಿಸಿದ. ಒಂದು ದಿನ ಏರಿನಲ್ಲಿ ಆ ಇಸ್ತ್ರಿ ಪೆಟ್ಟಿಗೆ ಮೆತ್ತಗೆ ಹಾರ್ನ್ ಹೊಡೆದು ಇವನನ್ನು ದಾಟಿ ಹೋಯಿತು. ಆ ದಿನ ಅವನು ಉಣ್ಣಲೇ ಇಲ್ಲ ಎನ್ನುತ್ತಾಳೆ ಆಯಿ. ಉಂಡಿದ್ದೆ, ರೊಟ್ಟಿ ಸ್ವಲ್ಪ ಕಡಿಮೆ ಅಷ್ಟೇ, ಎನ್ನುತ್ತಾನೆ ಇವನು. ಮುಂದೆ ಜೀಪು, ಟಂಟಂ ಆಟೋ, ಮನೆಗೊಂದು ಕಾರು ಎಲ್ಲ ಬಂದವು, ಟ್ಯಾಕ್ಸಿಗೆ ಜನ ಕಡಿಮೆಯಾದರು. ಅಂಬಾಸಡರ್ ತಯಾರಿಸುವುದನ್ನು ಕಾರ್ಖಾನೆಯವರೇ ನಿಲ್ಲಿಸಿದರೆಂದು ಟಿವಿಯಲ್ಲಿ ಕೇಳಿದಾಗ ಮುತ್ಯಾ ಎದ್ದು ಹೊರಗೆ ಹೋಗಿ, ತೊಳೆದಿದ್ದ ಗಾಡಿಯನ್ನು ಮತ್ತೊಮ್ಮೆ ತೊಳೆದ.

ಹೊರಡುವ ದಿನ ಬೆಳಿಗ್ಗೆ ಸ್ಟೇರಿಂಗ್ ಮುಂದೆ ಕೂತೆ, ಪಕ್ಕದಲ್ಲಿ ಮುತ್ಯಾ. ಎಡಗೈ ಅಭ್ಯಾಸದಂತೆ ಗಿಯರ್ ಹುಡುಕಿಕೊಂಡು ಕೆಳಗೆ ಹೋಗಿ ಮುತ್ಯಾನ ಮೊಣಕಾಲು ಹಿಡಿಯಿತು.

"ಅದು ನನ್ನ ಕಾಲು" ಎಂದ ಮುತ್ಯಾ.

ಈ ಗಾಡಿಯ ಗಿಯರ್ ಕಡ್ಡಿ ನೆಲದಲ್ಲಿಲ್ಲ. ಸ್ಟೇರಿಂಗಿನ ಕೆಳಗೆ ಎಡಕ್ಕೆ, ಬಸ್ಸಿನ ಕಿಟಕಿಯಿಂದ ಚಾಚಿದ ಕೈಯಂತೆ ನಿಂತಿದೆ. ಮುಂದಿನ ಸೀಟು ಒಂದೇ ಉದ್ದನೆಯ ಹಾಸಿಗೆ, ನಡುವೆ ಅಡ್ಡ ಏನೂ ಇಲ್ಲ. ನಾನು ಕಡ್ಡಿಯನ್ನು ನನ್ನ ಕಡೆ ಎಳೆದೆ, ಮೇಲೆತ್ತಿದೆ, ದೇವರ ಹೆಸರು ಹೇಳಿ ಕ್ಲಚ್ ಬಿಟ್ಟೆ. ಗಾಡಿ ಗಂಭೀರವಾಗಿ ಹಿಂದಕ್ಕೆ ಹೋಗಿ, ಆಯಿಯ ನೀರಿನ ಬ್ಯಾರಲ್‌ಗೆ ಗುದ್ದಿತು. ಬ್ಯಾರಲ್ ಉರುಳಿ ಅಂಗಳವೆಲ್ಲ ನೀರಾಯಿತು. ಗೋಡೆಯ ಮೇಲಿನ ಕೋಳಿಗಳು ಒಂದು ಮಾತೂ ಆಡಲಿಲ್ಲ.

"ಔರಾದ್ ಮುಂದ ಅದಲೇ, ಹಿಂದ ಇಲ್ಲ!" ಎಂದು ಆಯಿ ಒದ್ದೆ ಸೆರಗು ಹಿಂಡಿದಳು.

ಭಾಲ್ಕಿ ರಸ್ತೆಯಲ್ಲಿ ನನ್ನ ಕೀರ್ತಿ ಇನ್ನೂ ಬೆಳೆಯಿತು. ಎರಡನೆಯ ಗಿಯರ್ ಒಂದು ಸಿಕ್ಕಿತ್ತು. ಸಿಕ್ಕಿದ್ದನ್ನು ಕಳೆದುಕೊಳ್ಳಬಾರದೆಂದು ಅದರಲ್ಲೇ ಹೊಡೆದೆ. ಇಂಜಿನ್ ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಕಬ್ಬಿನ ಟ್ರ್ಯಾಕ್ಟರು ನಮ್ಮನ್ನು ದಾಟಿತು. ಅದರ ಹಿಂದೆ ಕಬ್ಬು ಕೀಳುತ್ತ ಸೈಕಲ್ ಹೊಡೆಯುತ್ತಿದ್ದ ಹುಡುಗರು ದಾಟಿದರು, ಅವರಲ್ಲೊಬ್ಬ ನನಗೆ ಕೈ ಬೀಸಿದ. ಬಯ್ಯಬೇಕಾದ ಮುತ್ಯಾ ಬಯ್ಯಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತಿದ್ದ. ಭಾಲ್ಕಿ ಹತ್ತಿರ ಬಂದಾಗ ಒಂದೇ ಒಂದು ಮಾತು ಕೇಳಿದ.

"ಶುಕ್ರವಾರ ಅವ ಎಷ್ಟೊತ್ತಿಗಿ ಬರ್ತಾನಂದಿದ್ದ?"

ನಾನು ಜೋಕು ಹುಡುಕಿದೆ, ಎರಡನೆಯ ಗಿಯರಿನಂತೆ ಅದೂ ಅಂಟಿಕೊಂಡಿತ್ತು.

ಭಾಲ್ಕಿಯ ಸ್ಟ್ಯಾಂಡಿನ ಬಳಿ ಗಾಡಿ ತಾನೇ ನಿಂತಿತು. ನಾನು ನಿಲ್ಲಿಸಿದೆನೆಂದು ಜನ ತಿಳಿದುಕೊಂಡದ್ದು ನನ್ನ ಪುಣ್ಯ. ಚಹಾ ತರಲು ಇಳಿದು ಹೋಗಿ ಬರುವಷ್ಟರಲ್ಲಿ ಹಿಂದಿನ ಬಾಗಿಲು ತೆರೆದಿತ್ತು. ಒಬ್ಬ ಮುದುಕ, ಅವನ ಹೆಂಡತಿ, ಅವರ ಗಂಟು, ಎಲ್ಲ ಒಳಗೆ. ಮುಂದಿನ ಸೀಟಿನಲ್ಲಿ ಮುತ್ಯಾನನ್ನು ಬಾಗಿಲಿಗೆ ಒತ್ತಿ, ನಡುವೆ ಒಬ್ಬ ದಪ್ಪನೆಯ ಅಜ್ಜಿ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಯಾರೂ ಯಾರನ್ನೂ ಕೇಳಿದಂತಿರಲಿಲ್ಲ.

"ಇದು ಟ್ಯಾಕ್ಸಿ ಅಲ್ರಿ ಅಜ್ಜಿ" ಎಂದೆ.

"ಯಾವಾಗಿಂದ?" ಎಂದಳು ಅಜ್ಜಿ. ಮುತ್ಯಾನ ಕಡೆ ತಿರುಗಿ, "ಏನ್ರಿ ಅಣ್ಣಾರ, ಈ ಹುಡುಗ ಯಾರ್ರಿ?"

"ಮೊಮ್ಮಗ" ಎಂದ ಮುತ್ಯಾ. ಹೇಳುವಾಗ ಅವನ ದನಿಯಲ್ಲಿ ಅಂಥ ಹೆಮ್ಮೆಯೇನೂ ಇರಲಿಲ್ಲ.

ಅಜ್ಜಿ ಭಾತಂಬ್ರಾದವಳು. ಮಗಳನ್ನು ಕಮಲನಗರಕ್ಕೆ ಕೊಟ್ಟಿದ್ದಳು. ಮುತ್ಯಾನ ಕಾಲದಲ್ಲಿ ಅವಳು ಕೂರುತ್ತಿದ್ದದ್ದೂ ಅದೇ ನಡುವಿನ ಜಾಗವಂತೆ. ಬಿಟ್ಟಿಯಾಗಿ ಕಮಲನಗರದವರೆಗೆ ಬಿಡುವುದೆಂದಾಯಿತು. ಈಗ ನನ್ನ ಎಡಗೈಗೆ ಜಾಗವಿಲ್ಲ. ಅಜ್ಜಿಯ ಬುಟ್ಟಿಗೂ ಗಿಯರ್ ಕಡ್ಡಿಗೂ ನಡುವೆ ಒಂದು ಬೆರಳೂ ಹೋಗುವಂತಿರಲಿಲ್ಲ.

"ಸ್ವಲ್ಪ ಸರೀರಿ, ಗಿಯರ್ ಹಾಕ್ಬೇಕು" ಎಂದೆ.

"ನೀ ಯಾಕ ಹಾಕ್ತಿ?" ಅಜ್ಜಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ನಿನ್ನ ಕೆಲಸ ಕಾಲಿಂದು. ತುಳಿ."

ನಾನು ಕ್ಲಚ್ ತುಳಿದೆ. ಅಜ್ಜಿ ಬುಟ್ಟಿಯನ್ನು ಸ್ವಲ್ಪವೂ ಅಲುಗಿಸದೆ, ಬಳೆ ತುಂಬಿದ ಕೈಯಿಂದ ಕಡ್ಡಿಯನ್ನು ಹಿಡಿದು, ಒಲೆಗೆ ಕಟ್ಟಿಗೆ ಒಟ್ಟುವವಳಂತೆ ಒಂದನೆಯ ಗಿಯರಿಗೆ ಹಾಕಿದಳು. ಗಾಡಿ ಮುಂದಕ್ಕೆ ಹೊರಟಿತು. ಬೆಳಿಗ್ಗೆ ನಾನು ಸ್ಟೇರಿಂಗ್ ಹಿಡಿದಾಗಿನಿಂದ ಅದು ಸರಾಗವಾಗಿ ಮುಂದೆ ಹೋದದ್ದು ಅದೇ ಮೊದಲು.

"ತುಳಿ" ಎಂದಳು ಅಜ್ಜಿ. ಎರಡು. "ತುಳಿ." ಮೂರು. ಇಷ್ಟು ಹೊತ್ತು ಗಿರಣಿಯಾಗಿದ್ದ ಇಂಜಿನ್ ಬೆಕ್ಕಿನ ಮರಿಯಾಯಿತು.

ನನ್ನ ಬೆಪ್ಪು ಮುಖ ನೋಡಿ ಮುತ್ಯಾ ವಿಷಯ ಬಿಡಿಸಿ ಹೇಳಿದ. ಲೈನಿನಲ್ಲಿ ಗಾಡಿ ತುಂಬಿದಾಗ ಡ್ರೈವರನ ಮೈ ಬಾಗಿಲಿಗೆ ಅಂಟುತ್ತಿತ್ತಂತೆ, ಎಡಗೈ ಎತ್ತಲಾಗುತ್ತಿರಲಿಲ್ಲ. ಹಾಗಾಗಿ ಪಕ್ಕದಲ್ಲಿ ಕೂತವರೇ ಗಿಯರ್ ಹಾಕಬೇಕು, ಅದು ಈ ಲೈನಿನ ರಿವಾಜು. ಇವನು "ಹಾಂ" ಎನ್ನುತ್ತಿದ್ದ, ಅವರು ಹಾಕುತ್ತಿದ್ದರು.

"ನಾ ಅಂತೂ ಬಾಣಂತಿ ಇದ್ದಾಗೂ ಹಾಕೀನಿ" ಎಂದಳು ಅಜ್ಜಿ. "ಒಂದ್ ಕೈಯಾಗ ಕೂಸು, ಒಂದ್ ಕೈಯಾಗ ಮೂರನೇ ಗಿಯರ್."

"ನಾಕನೇದು ನಿಮಗ ಯಾವತ್ತೂ ಬರ್ಲಿಲ್ಲ ಬಿಡ್ರಿ, ಘರ್ ಅನ್ನಸ್ತಿದ್ರಿ" ಎಂದ ಮುತ್ಯಾ.

"ಯಾರು? ನಾನಾ? ತುಳಿಯೋ ಹುಡುಗಾ!" ಅಜ್ಜಿ ಸಿಟ್ಟಿನಿಂದ ನಾಲ್ಕನೆಯದಕ್ಕೆ ತಳ್ಳಿದಳು. ಘರ್ ಎಂದಿತು. ಹಿಂದೆ ಕೂತ ಗಂಡಹೆಂಡತಿ ನಕ್ಕರು. ಮುತ್ಯಾನ ಮುಖದಲ್ಲಿ, ಆ ಫೋನು ಬಂದ ದಿನದಿಂದ ಕಾಣದ ಒಂದು ಹುರುಪು ಕಂಡಿತು.

ಕಮಲನಗರದಲ್ಲಿ ಎಲ್ಲರೂ ಇಳಿದರು. ಅಜ್ಜಿ ಬುಟ್ಟಿಯಿಂದ ಒಂದು ಹಿಡಿ ಶೇಂಗಾ ತೆಗೆದು ನನ್ನ ಮುಂದೆ ಇಟ್ಟು, "ಕಾಲು ಛಲೋ ಅವ ನಿಂದು" ಎಂದಳು. ನನ್ನ ಡ್ರೈವಿಂಗಿಗೆ ಈವರೆಗೆ ಸಿಕ್ಕ ಪ್ರಶಸ್ತಿ ಇದೊಂದೇ.

ಗಾಡಿ ಖಾಲಿಯಾಗಿತ್ತು, ಮುತ್ಯಾ ಬಾಗಿಲ ಬಳಿ ಆರಾಮವಾಗಿ ಕೂರಬಹುದಿತ್ತು. ಅವನು ಕೂರಲಿಲ್ಲ. ಸರಿದು, ಅಜ್ಜಿ ಕೂತಿದ್ದ ನಡುವಿನ ಜಾಗಕ್ಕೆ ಬಂದು, ನನ್ನ ಭುಜಕ್ಕೆ ಭುಜ ಹಚ್ಚಿ, ಕಡ್ಡಿಯ ಮೇಲೆ ಕೈ ಇಟ್ಟ.

"ಮುಂದ ಏನ್ ಬರ್ಲಕತ್ತದ ಹೇಳ್ಕೋತ ಹೋಗು" ಎಂದ.

"ಎಮ್ಮಿ ಅದಾವ ಮುತ್ಯಾ."

"ತುಳಿ." ಕಡ್ಡಿ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಕೆಳಗಿಳಿಯಿತು.

"ದಾಟ್ಯಾವ. ರೋಡ್ ಖುಲ್ಲಾ ಅದ."

"ತುಳಿ."

ಎರಡೂ ಕಡೆ ಕಪ್ಪು ಹೊಲಗಳಲ್ಲಿ ತೊಗರಿ ಹೂ ಬಿಟ್ಟಿತ್ತು. ನಾನು ಕಂಡದ್ದು ಹೇಳುತ್ತ ಹೋದೆ, ಅವನು ಹಾಕುತ್ತ ಹೋದ. ಸ್ವಲ್ಪ ದೂರ ಹೋದ ಮೇಲೆ ನಾನು ಹೇಳುವ ಮುಂಚೆಯೇ ಅವನ ಕೈ ಸಿದ್ಧವಾಗುತ್ತಿತ್ತು, ಅವನು "ತುಳಿ" ಎನ್ನುವ ಮುಂಚೆಯೇ ನನ್ನ ಕಾಲು ಇಳಿಯುತ್ತಿತ್ತು. ಔರಾದ್ ಬಂದದ್ದೇ ತಿಳಿಯಲಿಲ್ಲ. ತಿಳಿಯದ್ದರಿಂದಲೇ ನಿಲ್ಲಿಸುವುದು ತಡವಾಗಿ, ಬಾಳೆಹಣ್ಣಿನ ಬಂಡಿಯ ಮುಂದೆ ಬ್ರೇಕ್ ಒತ್ತಿ ಕ್ಲಚ್ ಮರೆತೆ. ಗಾಡಿ ಮೂರು ಸಲ ಜಿಗಿದು ನಿಂತಿತು. ಬಂಡಿಯವನು ಹಣ್ಣಿನ ಗೊನೆಯನ್ನು ಕೂಸಿನಂತೆ ಅಪ್ಪಿಕೊಂಡಿದ್ದ.

ಬೀದರಿಗೆ ಮರಳಿದರೂ ಮುತ್ಯಾ ತೀರ್ಪು ಕೊಡಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಬ್ಯಾರಲ್, ಸೈಕಲ್ಲು, ಬಾಳೆಹಣ್ಣು ಎಲ್ಲ ಸಾಕ್ಷಿ ಹೇಳಲು ಬರುತ್ತಿದ್ದವು. ಒಬ್ಬರಾದರೂ ಹೊಡೆಯುವವರಿರಬೇಕು ಎಂದಿದ್ದ ಅವನು. ನಾನು ಆ ಒಬ್ಬ ಅಲ್ಲ ಎನ್ನುವುದು ಇಬ್ಬರಿಗೂ ಗೊತ್ತಾಗಿತ್ತು.

ಶುಕ್ರವಾರ ಹೈದರಾಬಾದಿನವನು ಬಂದ. ಒಳ್ಳೆಯ ಮನುಷ್ಯ. ಬಾನೆಟ್ ತೆಗೆದು ನೋಡಿದ, ಮೆಚ್ಚಿದ, ಒಂದು ಸುತ್ತು ಹೊಡೆದು ನೋಡುತ್ತೇನೆಂದು ಸ್ಟೇರಿಂಗ್ ಮುಂದೆ ಕೂತ. ಅವನ ಎಡಗೈ ಮೊದಲು ಕೆಳಗೆ ಹೋಯಿತು. ನನಗೆ ಅವನ ಮೇಲೆ ಅಣ್ಣತಮ್ಮನ ಪ್ರೀತಿ ಬಂತು. ಆಮೇಲೆ ಕಡ್ಡಿ ಹಿಡಿದು ಅಲ್ಲಾಡಿಸಿದ. ಗರಗರ ಎಂದಿತು. ಆಯಿ ಬ್ಯಾರಲ್ ಪಕ್ಕ ಹೋಗಿ ಅದನ್ನು ಹಿಡಿದುಕೊಂಡು ನಿಂತಳು.

ಮುತ್ಯಾ ಬಾಗಿಲು ತೆಗೆದು ಪಕ್ಕದಲ್ಲಿ ಕೂತ. ಸರಿದು ಸರಿದು ನಡುವಿಗೆ ಬಂದ. "ತುಳೀರಿ" ಎಂದ. ಆ ಮನುಷ್ಯ ಗಾಬರಿಯಿಂದ ತುಳಿದ. ಗಾಡಿ ಓಣಿ ಸುತ್ತಿ ಬಂತು. ನಾನು ಗೇಟಿನ ಬಳಿ ನಿಂತು ನೋಡುತ್ತಿದ್ದೆ. ಬೇರೊಬ್ಬರ ಕಾಲಿಗೆ ಮುತ್ಯಾನ ಕೈ ಅಷ್ಟು ಚೆನ್ನಾಗಿ ಹೊಂದುವುದನ್ನು ಕಂಡು ನನ್ನ ಎಡಗಾಲು ಬರಿ ನೆಲವನ್ನೇ ತುಳಿಯಿತು.

ಗಾಡಿ ನಿಂತ ಮೇಲೂ ಮುತ್ಯಾ ಕಡ್ಡಿಯಿಂದ ಕೈ ತೆಗೆಯಲಿಲ್ಲ.

"ಗಾಡಿ ಕೊಡ್ಬಹುದ್ರಿ" ಎಂದ. "ಖರೆ ಇದು ಒಬ್ಬರಿಂದ ಹೋಗೋ ಗಾಡಿ ಅಲ್ಲ. ಕೈ ಇಲ್ಲೇ ಇರ್ತದ, ನೀವು ಅಲ್ಲಿ ಏನ್ ಮಾಡ್ತೀರಿ?"

"ನಮ್ಮಲ್ಲಿ ಡ್ರೈವರ್ ಇದ್ದಾನ್ರಿ ಅಜ್ಜಾ" ಎಂದ ಆತ.

"ಇರ್ಲಿ. ನಮ್ಮಲ್ಲೂ ಇದ್ದಾನ" ಎಂದ ಮುತ್ಯಾ, ನನ್ನ ಕಡೆ ನೋಡದೆ. "ಅರ್ಧ."

ಆತ ಚಹಾ ಕುಡಿದು, ಒಂದು ಫೋಟೋ ತೆಗೆದುಕೊಂಡು, ಮನಸ್ಸು ಬದಲಾದರೆ ಫೋನು ಮಾಡಿ ಎಂದು ಹೇಳಿ ಹೋದ. ನಾನು ಎದೆಯುಬ್ಬಿಸಿ ಬಂದು ಕೂರುವಷ್ಟರಲ್ಲಿ ಮುತ್ಯಾ ಆಗಲೇ ನಡುವಿನ ಜಾಗದಲ್ಲಿದ್ದ.

ಈಗ ಸಂಜೆ ಆಯಿ ಕಿಟಕಿಯಿಂದ ಎರಡು ಚಹಾ ಕೊಡುತ್ತಾಳೆ. ಎದುರಿಗೆ ಅದೇ ಗೋಡೆ. ಮುತ್ಯಾ ಬಸಿ ಹಿಡಿದುಕೊಂಡೇ "ಏರು ಬಂತು" ಎನ್ನುತ್ತಾನೆ, ನಾನು ತುಳಿಯುತ್ತೇನೆ. ಭಾನುವಾರ ನಿಜವಾಗಿ ಹೊರಡುತ್ತೇವೆ. ಬ್ಯಾರಲ್ ಮಾತ್ರ ಅಂಗಳದಲ್ಲಿಲ್ಲ. ಆಯಿ ಅದನ್ನು ಅಡುಗೆಮನೆಯ ಒಳಗೆ, ಗೋಡೆಯಿಂದಲೂ ದೂರ ಇಟ್ಟಿದ್ದಾಳೆ.